ಸೆರಗಿನ ಗಂಟಿನ ಮೂಗುತಿ

"ನನ್ನ ಮೂಗುತಿ ಹೋತ್ರಿ! ಸೆರಗಿನ ಗಂಟಿನಾಗಿತ್ತು, ಈಗಿಲ್ಲ!"

ತಾಜುನ್ನಿಸಾಳ ಕೂಗಿಗೆ ಗುರುದೇವಿ ಟೀಚರ್ ಅಡುಗೆಮನೆಗೆ ಓಡಿದಳು. ಕಲಿಕೆ ನಿಧಾನವಾದ ಮಕ್ಕಳಿಗಾಗಿ ಶಹಾಬಾದಿನಲ್ಲಿ ನಡೆಯುತ್ತಿದ್ದ ಆ ವಸತಿ ಶಾಲೆಗೆ ತಾಜುನ್ನಿಸಾ ಬೆಳಿಗ್ಗೆಯಷ್ಟೇ ಮಳಖೇಡದಿಂದ ಬಂದಿದ್ದಳು. ಆರು ತಿಂಗಳಾದರೂ ಮಗಳು ಮೆಹತಾಬ್ ಒಂದಕ್ಷರ ಕಲಿತಿಲ್ಲವೆಂದು ಸಂಜೆಯ ರೈಲಿಗೆ ಅವಳನ್ನು ಕರೆದೊಯ್ಯುವವಳಿದ್ದಳು.

"ಗಂಟು ಎಲ್ಲೂ ಬಿಚ್ಚಿಲ್ರಿ. ಕೈಗೆ ನೀರು ಹಾಕುವಾಗ ಈಕಿ ಮೈಗೆ ಹತ್ತಿ ನಿಂತಿದ್ಲು," ಎಂದು ತಾಜುನ್ನಿಸಾ ಅಡುಗೆಯವಳತ್ತ ಬೆರಳು ತೋರಿಸಿದಳು.

ಅಡುಗೆಯ ಭೀಮಬಾಯಿ ಸೌಟು ಕೆಳಗಿಟ್ಟಳು. "ಬಡವಿ ಇದ್ದೀನಿ, ಖರೆ. ಕಳ್ಳಿ ಅಲ್ಲವ್ವಾ."

"ಸಂಜೀತನಕ ಸಿಗಲಿಲ್ಲಂದ್ರ ನಾಳಿಂದ ಬರಬ್ಯಾಡ," ಎಂದರು ಕೂಗು ಕೇಳಿ ಬಂದ ಶಾಲೆಯ ಮುಖ್ಯಸ್ಥ ದೇವಿಂದ್ರಪ್ಪ.

ನೀರು ಹಾಕಿದ ಕೂಡಲೇ ಭೀಮಬಾಯಿ ಹೊರಗೆ ಹಿಟ್ಟಿನ ಗಿರಣಿಗೆ ಹೋಗಿಬಂದದ್ದನ್ನು ಗುರುದೇವಿ ನೋಡಿದ್ದಳು. ಹೇಳಲೋ ಬೇಡವೋ?

ಅಷ್ಟರಲ್ಲಿ ಮೇಟ್ರನ್ ಶಿವಕಾಂತಮ್ಮ ಬಂದರು. ಶಾಲೆಯಲ್ಲೇ ವಾಸವಿದ್ದ ಅವರ ಬಳಿಗೆ, ಏನು ಕಳೆದರೂ ಓಣಿಯ ಜನವೆಲ್ಲ ಬರುತ್ತಿದ್ದರು. ಅವರು ಯಾರನ್ನೂ ಗದರಿಸಲಿಲ್ಲ. ಮೂಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಮೆಹತಾಬಳ ಮುಂದೆ ಕುಳಿತರು. ಹುಡುಗಿಯ ಒಂದು ಕೆನ್ನೆ ಉಬ್ಬಿತ್ತು, ಪೆಪ್ಪರಮೆಂಟು ಚೀಪುತ್ತಿದ್ದಳು. ತಾಟಿನಲ್ಲಿ ಸಿಕ್ಕ ಕಲ್ಲಿನ ಹರಳನ್ನು ಹೆಕ್ಕಿ ಪಕ್ಕದ ಡಬ್ಬಿಗೆ ಹಾಕಿದಳು. ಆಮೇಲೆ ಒಂದು ಅಂಗಿ ಗುಂಡಿ. ಅದೂ ಡಬ್ಬಿಗೆ.

"ಎಲ್ಲಾರೂ ಇಲ್ಲೇ ಕುಂದ್ರಿ," ಎಂದರು ಶಿವಕಾಂತಮ್ಮ. "ನಮ್ಮಲ್ಲಿ ಪೆಪ್ಪರಮೆಂಟು ಕೊಡಂಗಿಲ್ಲ. ತಾಯಿ, ಅದನ್ನ ಎಲ್ಲಿ ಕಟ್ಕೊಂಡು ತಂದಿದ್ರಿ?"

ತಾಜುನ್ನಿಸಾ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಅದೇ ಗಂಟಿನಾಗ. ತಿರುಪು ಸಡ್ಲಾಗಿತ್ತಂತ ಮೂಗುತಿನೂ ಅದರಾಗೇ ಇಟ್ಟಿದ್ದೆ. ಮಗಳನ್ನ ನೋಡಿ ಅಳ್ತಾ ಬಿಚ್ಚಿ ಪೆಪ್ಪರಮೆಂಟು ಕೊಟ್ಟಿದ್ದೆ ನೋಡ್ರಿ, ಮರ್ತೇಬಿಟ್ಟೆ."

"ಈಕಿ ಮುಂಜಾನಿಂದ ಇಲ್ಲೇ ಕುಂತಾಳ. ಬಿಚ್ಚಿದ್ದು ಈ ತಾಟಿನ ಮ್ಯಾಲೆ. ಮೂಗುತಿ ಬಿದ್ದದ್ದು ಬ್ಯಾಳಿಯಾಗ," ಎಂದರು ಶಿವಕಾಂತಮ್ಮ.

"ಹಂಗಾದ್ರ ಬ್ಯಾಳಿ ಹುಡುಕೋಣ್ರಿ," ಎಂದು ದೇವಿಂದ್ರಪ್ಪ ಎದ್ದರು.

"ಬ್ಯಾಳಿಯಾಗ ಇರಂಗಿಲ್ರಿ. ಬ್ಯಾಳಿ ಅಲ್ಲದ್ದು ಡಬ್ಬಿಗೆ ಹಾಕು ಅಂತ ಮೂರು ತಿಂಗಳು ಕಲಿಸೀವಿ. ನಮಗದು ಬಂಗಾರ, ಈಕಿಗೆ ಬ್ಯಾಳಿ ಅಲ್ಲದ್ದು ಅಷ್ಟೇ."

ಡಬ್ಬಿಯನ್ನು ಹಾಸುಗಲ್ಲಿನ ಮೇಲೆ ಸುರಿದರು. ಹರಳು, ಕಡ್ಡಿ, ಗುಂಡಿಯ ನಡುವೆ ಮೂಗುತಿ ಮಿನುಗಿತು.

ತಾಜುನ್ನಿಸಾ ಅದನ್ನು ಮುಟ್ಟಲಿಲ್ಲ. ತಾಟಿನತ್ತ ಬಾಗಿ ಬೇಳೆಯಲ್ಲಿ ಕೈಯಾಡಿಸಿದಳು. ಒಂದು ಹರಳೂ ಸಿಗಲಿಲ್ಲ. "ಇಷ್ಟು ಛಲೋ ನನಗೂ ಬರಂಗಿಲ್ರಿ," ಎಂದಳು, ಕಣ್ಣು ತುಂಬಿ. ಆಮೇಲೆ ಭೀಮಬಾಯಿಯ ಎರಡೂ ಕೈ ಹಿಡಿದಳು. "ತಪ್ಪಾತವ್ವಾ. ನನ್ನ ಮಗಳಿಗೆ ಅನ್ನ ಹಾಕೋ ಕೈಗೆ ಕಳ್ಳಿ ಅಂದೆ."

"ಬಿಡ್ರಿ, ಮೊದ್ಲು ಊಟ ಮಾಡ್ರಿ," ಎಂದು ಭೀಮಬಾಯಿ ಮೂಗು ಒರೆಸಿಕೊಂಡಳು. "ಮುಖ್ಯಸ್ಥರೇ, ನಾಳಿ ಬರ್ಲೋ ಬ್ಯಾಡೋ?"

"ಬಾರವ್ವಾ," ಎಂದರು ದೇವಿಂದ್ರಪ್ಪ, ತಲೆ ತಗ್ಗಿಸಿ.

ಗಿರಣಿಯ ಮಾತು ತನ್ನ ಬಾಯಿಗೆ ಬಾರದಂತೆ ಉಳಿಸಿದ ಶಿವಕಾಂತಮ್ಮನಿಗೆ ಗುರುದೇವಿ ಮನಸ್ಸಿನಲ್ಲೇ ಕೈ ಮುಗಿದಳು.

ಸಂಜೆಯ ರೈಲಿಗೆ ತಾಜುನ್ನಿಸಾ ಒಬ್ಬಳೇ ಹೊರಟಳು. "ರಂಜಾನ್ ಹಬ್ಬಕ್ಕ ಮಗಳನ್ನ ಕರ್ಕೊಂಡು ಹೋಗ್ತೀನ್ರಿ," ಎಂದಳು ಗೇಟಿನಲ್ಲಿ ನಿಂತು, "ಹಬ್ಬ ಮುಗಿದ ಮರುದಿನಾನೇ ನಿಮ್ಮ ಕಡಿ ಹೊಳ್ಳಿ ತಂದು ಬಿಡ್ತೀನಿ."