ಏರಿಸಿದ ಶ್ರುತಿ

ನನ್ನ ಮುಖ ನೋಡುವ ಮುಂಚೆಯೇ ಅವನು ನನ್ನನ್ನು ಗಂಡಸು ಮಾಡಿಬಿಟ್ಟಿದ್ದ.

ಸ್ಟುಡಿಯೋ ಬುಕ್ ಮಾಡಲು ಫೋನ್ ಮಾಡಿದ್ದೆ. "ಖಂಡಿತ ಬನ್ನಿ ಸರ್, ಭಾನುವಾರ ಖಾಲಿ ಇದೆ ಸರ್," ಎಂದು ಆ ಕಡೆಯ ದನಿ ಮಾತಿಗೊಂದು ಸರ್ ಹಾಕಿತು. ನಾನು ತಿದ್ದಲಿಲ್ಲ. ವಿಮಾ ಕಚೇರಿಯಲ್ಲಿ ದಿನವಿಡೀ ಫೋನ್ ಎತ್ತುವುದೇ ನನ್ನ ಕೆಲಸ, ಗ್ರಾಹಕರಲ್ಲಿ ಅರ್ಧ ಜನಕ್ಕೆ ನಾನು ಸರ್. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೆ. ನನ್ನ ದನಿ ಅಷ್ಟು ತಗ್ಗು.

ಭಾನುವಾರ ಗಿಟಾರ್ ಹೊತ್ತು ಹೋದೆ. ಟೈರ್ ಅಂಗಡಿಯ ಹಿಂದೆ ಎರಡು ಕೋಣೆ, ಗೋಡೆಗೆಲ್ಲ ಹಳೇ ಕಂಬಳಿ, ಮೊಟ್ಟೆ ಟ್ರೇ. ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡ ಉದ್ದನೆಯ ಮನುಷ್ಯ ಬಾಗಿಲು ತೆಗೆದು ನನ್ನನ್ನು ನೋಡಿ, ಬೆನ್ನ ಹಿಂದೆ ಇಣುಕಿದ.

"ನಿಮ್ಮಣ್ಣ ಗಾಡಿ ನಿಲ್ಲಿಸ್ತಿದ್ದಾರಾ?"

"ನಮ್ಮಣ್ಣ ಹುಟ್ಟೇ ಇಲ್ಲ," ಎಂದೆ.

ದನಿ ಕೇಳಿದ್ದೇ ತಡ ಅವನ ಕಿವಿ ಕೆಂಪಾಯಿತು. "ಅಯ್ಯೋ, ತಪ್ಪಾಯ್ತು ಸರ್," ಎಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ನನಗೆ ನಗು ತಡೆಯಲಾಗಲಿಲ್ಲ. ಆವತ್ತಿನಿಂದ ಅವನಿಗೆ ನಾನು ಸರ್, ನನಗೆ ಅವನು ಹೆಡ್‌ಫೋನ್.

ಎರಡು ಕೋಣೆಗಳ ನಡುವಿನ ಗಾಜಿನ ಈಚೆ ನಾನು ಹಾಡುತ್ತಿದ್ದೆ, ಆಚೆ ಅವನು ರೆಕಾರ್ಡ್ ಮಾಡುತ್ತಿದ್ದ. ಅವನ ಮೇಜಿನ ಮೇಲೊಂದು ಗುಂಡಿಯಿತ್ತು, ಅದನ್ನು ಒತ್ತಿ ಮಾತಾಡಿದರೆ ನನ್ನ ಕಿವಿಗೆ ಕೇಳುತ್ತಿತ್ತು. ಮೊದಲ ಹಾಡು ಮುಗಿದಾಗ "ಓಕೆ" ಎಂದವನು ಆ ಗುಂಡಿ ಬಿಡುವುದನ್ನೇ ಮರೆತ. ಬಿಸ್ಕೆಟ್ ಕಡಿಯುತ್ತಾ ತನ್ನಷ್ಟಕ್ಕೇ, "ಎಂಥಾ ದನಿಯಪ್ಪಾ! ಯಾರೋ ನಮ್ಮೋರು ಹೆಗಲ ಮೇಲೆ ಕೈ ಇಟ್ಟ ಹಾಗಾಗುತ್ತೆ," ಎಂದ.

"ಗುಂಡಿ ಬಿಡಿ, ಎಲ್ಲಾ ಕೇಳಿಸ್ತಿದೆ," ಎಂದೆ ಮೈಕಿಗೆ.

ಬಿಸ್ಕೆಟ್ ಗಂಟಲಿಗೆ ಸಿಕ್ಕಿ ಕೆಮ್ಮಿದ. ಕೆಮ್ಮುತ್ತಲೇ ನೋಡಿದ. ನೀರು ತುಂಬಿದ ಆ ಕಣ್ಣಲ್ಲಿ ನಾಚಿಕೆಯಿತ್ತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಯೋಚನೆ ಮಾತ್ರ ಇರಲಿಲ್ಲ. ಸುಳ್ಳೇಕೆ ಹೇಳಲಿ, ನಾನು ಬಿದ್ದದ್ದು ಅಲ್ಲೇ.

ಬೀಳದೆ ಇನ್ನೇನು? ಆವರೆಗೆ ನನ್ನ ದನಿಯನ್ನು ಹೊಗಳಿದವರೇ ಇರಲಿಲ್ಲ. ಸಂಗೀತದ ಟೀಚರು, "ಹೆಣ್ಣಿನ ದನಿ ಅಂದ್ರೆ ಗೆಜ್ಜೆ ಕಟ್ಟಿದ ಹಾಗಿರ್ಬೇಕು, ಏರಿಸು, ಇನ್ನೂ ಏರಿಸು," ಎಂದು ವರ್ಷಗಟ್ಟಲೆ ಏರಿಸಿ ನನ್ನ ಗಂಟಲು ಹಾಳುಮಾಡಿದ್ದರು. ಅಮ್ಮನದೂ ಇದೇ ದನಿ. ಶಾಲೆಯಲ್ಲಿ ಎಲ್ಲರೂ ಸೇರಿ ಹಾಡುವಾಗ ಅಮ್ಮನಿಗೆ, "ನೀನು ಸುಮ್ನೆ ಬಾಯಾಡಿಸು ಸಾಕು," ಅಂದಿದ್ದರಂತೆ. ಅಮ್ಮ ಇವತ್ತಿಗೂ ಯಾರ ಎದುರೂ ಹಾಡುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತದೆ. ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನನ್ನ ಹಾಡು ನಾನೇ ಬರೆಯಲು ಶುರುಮಾಡಿದ್ದು ಆ ಉರಿಯಿಂದಲೇ. ಅಜ್ಜಿಯ ಹಾಡಿನಲ್ಲೆಲ್ಲ ಹೆಂಗಸು ಬಾಗಿಲಲ್ಲಿ ನಿಂತು ಕಾಯುತ್ತಾಳೆ. ಅಮ್ಮ ರೇಡಿಯೋದಲ್ಲಿ ಕೇಳುತ್ತಿದ್ದ ಹಾಡಿನಲ್ಲಿ ಕಿಟಕಿಯಲ್ಲಿ ನಿಂತು ಕಾಯುತ್ತಾಳೆ. ಅಷ್ಟೇ ಸುಧಾರಣೆ! ಬರೆದವರು ಗಂಡಸರು, ಕಾಯುವ ಕೆಲಸ ನಮ್ಮದು. ನಾನು ಕೆಲಸಕ್ಕೆ ಸೇರಿ, ಬಾಡಿಗೆಗೆ ಪುಟ್ಟ ಮನೆ ಹಿಡಿದು, ಮೊದಲ ಸಂಜೆ ಒಬ್ಬಳೇ ಒಳಗೆ ಹೋದಾಗ ನನಗೆ ಹೊಂದುವ ಹಾಡು ಒಂದೂ ನೆನಪಾಗಲಿಲ್ಲ. ಅದಕ್ಕೇ ಬರೆದೆ.

*ಕೀಲಿಯೂ ನನ್ನದು, ಕದವೂ ನನ್ನದು,*
*ದೀಪ ಹಚ್ಚುವ ಕೈಯೂ ನನ್ನದೇ;*
*ಯಾರೂ ಕಾಯದ ಮನೆಗೆ ಬಂದೆ,*
*ಅಳು ಬರಲಿಲ್ಲ, ಹಸಿವಾಯಿತು.*

ಹೆಡ್‌ಫೋನ್ ಈ ಹಾಡನ್ನು ರೆಕಾರ್ಡ್ ಮಾಡಿದ ದಿನ ಮತ್ತೆ ಮತ್ತೆ ಅದನ್ನೇ ಹಾಕಿ ಕೇಳಿದ. ಇಷ್ಟವಾಯಿತು, ಅದಕ್ಕೇ ಎಂದುಕೊಂಡೆ. ಅಷ್ಟರಲ್ಲಾಗಲೇ ನಾವಿಬ್ಬರೂ ಮೆಚ್ಚಿಕೊಂಡ ವಿಷಯ ಮನೆಗಳಿಗೆ ಗೊತ್ತಾಗಿತ್ತು. ಅವರಮ್ಮ ಬಂದು ನಮ್ಮಮ್ಮನ ಹತ್ತಿರ ಮದುವೆ ಮಾತೆತ್ತಿದ್ದರು, ನಮ್ಮಮ್ಮ ಒಪ್ಪಿದ್ದಳು. ಇವನು ಮಾತ್ರ ಬಾಯಿಬಿಟ್ಟು ನನ್ನನ್ನು ಕೇಳಿರಲೇ ಇಲ್ಲ.

ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಅವರಮ್ಮ ಬಡಿಸುತ್ತಾ ಮೆಲ್ಲಗೆ ಎತ್ತಿದರು. "ಹಾಡಮ್ಮಾ, ನಂದೇನೂ ತಕರಾರಿಲ್ಲ. ಆದ್ರೆ ಯಾರೂ ಕಾಯದ ಮನೆ ಅಂತ ಮದುವೆಯಾದೋಳು ಹಾಡಿದ್ರೆ, ಕೇಳೋರು ನನ್ನ ಮಗನ್ನ ಏನಂತಾರೆ ಹೇಳು?"

"ಹಾಡು ಬೇರೆ, ಸಂಸಾರ ಬೇರೆ ಅಲ್ವಾ ಅತ್ತೆ?" ಎಂದೆ.

"ನಿಂಗೆ ಬೇರೆ ಬೇರೇನಾ?"

ಹೆಡ್‌ಫೋನ್ ಕಡೆ ನೋಡಿದೆ. ಅವನು ತಟ್ಟೆಯಲ್ಲೇ ಮುಖ ಹುದುಗಿಸಿದ್ದ. ನನಗೆ ಆಗಲೇ ತಿಳಿಯಬೇಕಿತ್ತು.

ಹಾಡನ್ನು ಬಿಡುಗಡೆಗೆಂದು ಸಂಗೀತ ಕಂಪನಿಗೆ ಕಳಿಸಿದವನು ಅವನೇ. ಒಂದು ದಿನ ಆಫೀಸಿನಲ್ಲಿದ್ದಾಗ ಕಂಪನಿಯ ಮೇಡಂ ಫೋನ್ ಮಾಡಿದರು. "ಒಪ್ಪಿಗೆ ಆಯ್ತು! ಎಷ್ಟು ಮುದ್ದಾಗಿದೆ ರೀ ದನಿ! ಬಂದಿದ್ದನ್ನ ಹಾಗೇ ಇಟ್ಟಿದ್ದೀವಿ, ನಾವೇನೂ ಮುಟ್ಟಿಲ್ಲ. ನಿಮಗೂ ಕಳಿಸಿದ್ದೀನಿ, ಕೇಳಿ." ಆಮೇಲೆ ಸ್ವಲ್ಪ ತಡೆದು, "ಅಂದ ಹಾಗೆ, ನಿಮಗೆ ಶೀತ ಆಗಿದೆಯಾ?" ಎಂದರು.

ಮುದ್ದು! ನನ್ನ ದನಿಗೆ ಯಾರೂ ಆ ಮಾತು ಹೇಳಿದ್ದಿಲ್ಲ. ಊಟದ ಡಬ್ಬಿ ಪಕ್ಕಕ್ಕಿಟ್ಟು ಹಾಡು ಹಾಕಿದೆ.

ಅದರಲ್ಲಿ ಯಾರೋ ಹುಡುಗಿ ಹಾಡುತ್ತಿದ್ದಳು. ಮಾತು ನನ್ನದು, ರಾಗ ನನ್ನದು, ನಡುವೆ ಉಸಿರು ಎಳೆದುಕೊಳ್ಳುವ ರೀತಿಯೂ ನನ್ನದು. ದನಿ ಮಾತ್ರ ಜುಟ್ಟಿಗೆ ರಿಬ್ಬನ್ ಕಟ್ಟಿಕೊಂಡವಳದು. ಹೆಡ್‌ಫೋನ್ ಕಂಪ್ಯೂಟರಿನಲ್ಲಿ ಶ್ರುತಿ ಏರಿಸಿ ನನ್ನ ದನಿ ತೆಳ್ಳಗೆ ಮಾಡಿದ್ದ. ಟೀಚರಿಗೆ ವರ್ಷಗಟ್ಟಲೆ ಆಗದ್ದನ್ನು ಇವನು ಒಂದು ಬೆರಳಿನಲ್ಲಿ ಮಾಡಿ ಮುಗಿಸಿದ್ದ. ಅರ್ಧ ದಿನ ರಜೆ ಹೇಳಿ ಹೊರಟೆ.

ಟೈರ್ ಅಂಗಡಿಯವನು ಸುತ್ತಿಗೆಯಿಂದ ಬಡಿಯುತ್ತಿದ್ದ. ಒಳಗೆ ಹೋಗಿ, ಮೇಜಿನ ಮುಂದೆ ಕೂತಿದ್ದವನ ಎದುರು ಫೋನಿಟ್ಟು ಹಾಡು ಹಾಕಿದೆ.

"ಇದ್ಯಾರು?"

"ನೀನೇ."

"ನಾನಾ? ನಾನು ಇವಳಿಗೆ ಚಿಕ್ಕಮ್ಮ ಆಗ್ಬೇಕು."

ಅವನು ನಗಲಿಲ್ಲ. "ಕಂಪನಿಯವರು ಸ್ವಲ್ಪ ಸಿಹಿಯಾಗಿರ್ಲಿ ಅಂದ್ರು. ನಿನ್ನ ಹಾಡು ಹೊರಗೆ ಬರ್ಲಿ ಅಂತ, ನಿಂಗೋಸ್ಕರಾನೇ..."

"ಸುಳ್ಳು. ಬಂದಿದ್ದನ್ನ ಹಾಗೇ ಇಟ್ಟಿದ್ದೀವಿ ಅಂತ ಆ ಮೇಡಂ ಈಗ ತಾನೇ ಹೇಳಿದ್ರು."

ಅವನ ಮುಖ ಪೆಚ್ಚಾಯಿತು. ಕೊರಳಿನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ.

"ಹೇಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮಾಡ್ಬೇಡ. ಯಾಕೆ ಏರಿಸಿದೆ?"

"ನಿನ್ನ ದನಿಯಲ್ಲಿ ಕೇಳಿದ್ರೆ ಅದು ನಿಜ ಅನ್ಸುತ್ತೆ."

"ಯಾವುದು?"

"ನಾನಿಲ್ಲದೇ ಇದ್ರೂ ನೀನು ಚೆನ್ನಾಗಿರ್ತೀಯ ಅನ್ನೋದು." ಅವನು ನನ್ನನ್ನು ನೋಡದೆ ಹೇಳಿದ. "ಎಷ್ಟು ಸಲ ಕೇಳಿದೆ ಗೊತ್ತಾ? ಕೇಳಿದಷ್ಟೂ ನಿಜ ಅನ್ನಿಸ್ತು. ಏರಿಸಿ ನೋಡ್ದೆ. ಯಾರೋ ಹುಡುಗಿ ಆಟಕ್ಕೆ ಹಾಡ್ತಿದ್ದಾಳೆ, ನಾಳೆ ಮನಸ್ಸು ಬದಲಾಯಿಸ್ತಾಳೆ ಅನ್ನಿಸ್ತು. ಆವತ್ತು ನಿದ್ದೆ ಬಂತು. ಅದನ್ನೇ ಕಳಿಸಿಬಿಟ್ಟೆ."

ಬೈಯಬೇಕೆಂದು ಬಂದಿದ್ದೆ. ಉಳಿದವರೆಲ್ಲ ನನ್ನ ದನಿ ಚೆನ್ನಾಗಿಲ್ಲವೆಂದು ಬದಲಿಸಲು ಹೊರಟಿದ್ದರು, ಇವನೊಬ್ಬ ಚೆನ್ನಾಗಿದೆಯೆಂದು ಬದಲಿಸಿದ್ದ. ಇವನು ಮಾಡಿದ್ದಕ್ಕಿಂತ ಅವರು ಮಾಡಿದ್ದೇ ಎಷ್ಟೋ ವಾಸಿ ಎನಿಸಿ ಅಳು ಬಂತು.

"ಅದು ನಿಜಾನೇ," ಎಂದೆ. "ನೀನಿಲ್ದಿದ್ರೂ ನಾನು ಚೆನ್ನಾಗೇ ಇರ್ತೀನಿ."

"ಮತ್ತೆ ನಾನ್ಯಾಕೆ ನಿಂಗೆ?"

"ಬೇಕು, ಅದಕ್ಕೆ! ಬೇರೆ ಕಾರಣ ಇರ್ಬೇಕಾ? ದಿಕ್ಕಿಲ್ಲದೆ ಬಂದೋಳು ದಿಕ್ಕು ಸಿಕ್ಕ ದಿನ ಎದ್ದು ಹೋಗ್ತಾಳೆ. ನಾನು ಮನೆ ಇದ್ದು, ಕೆಲಸ ಇದ್ದು, ನಿನ್ನ ಹತ್ರ ಬಂದೋಳು. ಅದು ನಿಂಗೆ ಸಾಲಲ್ವಾ?"

ಹೊರಗೆ ಸುತ್ತಿಗೆ ನಿಂತಿತ್ತು. ಅವನು ತನ್ನ ಫೋನ್ ತೆಗೆದು ಕಂಪನಿಗೆ ಹಚ್ಚಿದ.

"ಮೇಡಂ, ನಾನು ಸ್ಟುಡಿಯೋದಿಂದ. ನಿಮಗೆ ಬಂದಿರೋದು ಅವರ ದನಿ ಅಲ್ಲ. ಅವರಿಗೆ ಹೇಳದೆ ನಾನೇ ಏರಿಸಿದ್ದೆ. ತಪ್ಪು ನಂದು. ಮೂಲದ್ದನ್ನ ಈಗಲೇ ಕಳಿಸ್ತೀನಿ, ಅದನ್ನೇ ಬಿಡುಗಡೆ ಮಾಡ್ಬೇಕು."

ಕಳಿಸಿದ. ಇಬ್ಬರೂ ಕಾದೆವು. ಬಿಡುಗಡೆಯಾದರೆ ನನ್ನ ದನಿಯಲ್ಲೇ ಆಗಲಿ ಎಂದು ಮನಸ್ಸು ಎಷ್ಟೇ ಗಟ್ಟಿ ಮಾಡಿಕೊಂಡರೂ ನನ್ನ ಕಣ್ಣು ಅವನ ಫೋನಿನ ಮೇಲೇ ಇತ್ತು. ನನ್ನ ಹಾಡು ಊರಿನ ಕಿವಿಗೆ ಬೀಳಬೇಕೆಂದು ಎಷ್ಟು ಕನಸು ಕಂಡಿದ್ದೆ! ಫೋನ್ ಬಂತು. ಅವನು ಸ್ಪೀಕರಿಗೆ ಹಾಕಿದ.

"ಬೇಜಾರು ಮಾಡ್ಕೋಬೇಡಿ," ಎಂದರು ಮೇಡಂ. "ಈ ದನಿ ನಮ್ಮ ಕೇಳುಗರಿಗೆ ಭಾರ ಆಗುತ್ತೆ. ಆ ಮಾತುಗಳಿಗೆ ಈ ದನಿ ಸೇರಿದ್ರೆ... ಏನೋ ಜಗಳಕ್ಕೆ ನಿಂತ ಹಾಗಿದೆ. ಇದು ಬೇಡ. ಇನ್ಮೇಲೆ ನಿಮ್ಮ ಸ್ಟುಡಿಯೋದ ಕೆಲಸಾನೂ ನಾವು ಯೋಚನೆ ಮಾಡೇ ತಗೋಬೇಕಾಗುತ್ತೆ."

"ಸರಿ ಮೇಡಂ," ಎಂದು ಇಟ್ಟ.

ನಾನು ಅತ್ತುಬಿಟ್ಟೆ. ಮೂಗು ಸೋರುವಷ್ಟು ಅತ್ತೆ. ಅವನು ಸಮಾಧಾನ ಮಾಡಲು ಬರಲಿಲ್ಲ, ಆ ಹಕ್ಕು ಕಳೆದುಕೊಂಡಿದ್ದೇನೆಂದು ಅವನಿಗೂ ಗೊತ್ತಿತ್ತು. ಅಳು ಮುಗಿದಮೇಲೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡೆ.

"ನಿಮ್ಮಮ್ಮಂಗೆ ಏನು ಹೇಳ್ತೀಯ?"

"ಮದುವೆ ಮುಂದಕ್ಕೆ ಹಾಕಿದ್ದೀವಿ ಅಂತ. ತಪ್ಪು ಅವಳದಲ್ಲ, ನಾನಿನ್ನೂ ತಯಾರಿಲ್ಲ ಅಂತ." ನನ್ನ ಕಡೆ ತಿರುಗಿದ. "ತಯಾರಾದ ದಿನ ನಾನೇ ಬಂದು ನಿನ್ನನ್ನ ಕೇಳ್ತೀನಿ. ಅಮ್ಮನ್ನ ಕಳಿಸಲ್ಲ. ಆಗ ನಿಂಗೆ ಬೇಡ ಅನ್ನಿಸಿದ್ರೆ ಬೇಡ."

ಮದುವೆ ಮುಂದಕ್ಕೆ ಹೋಯಿತೆಂದು ಸಂಕಟವಾಗಬೇಕಿತ್ತು, ಆಯಿತು. ಜೊತೆಗೇ ಇವನು ಮೊದಲ ಸಲ ನನ್ನೊಡನೆ ನೇರವಾಗಿ ಮಾತಾಡುತ್ತಿದ್ದಾನೆ ಎಂದೂ ಅನಿಸಿತು.

"ನಿನ್ನ ಕಂಡ್ರೆ ಈಗ್ಲೂ ಭಯಾನೇ ನಂಗೆ," ಎಂದ.

"ನಿನ್ನ ಕಂಡ್ರೆ ಈಗ್ಲೂ ಸಿಟ್ಟೇ ನಂಗೆ."

"ಹೋಗ್ತೀಯಾ?"

ಹೋಗಬೇಕೆಂದೇ ಎದ್ದಿದ್ದೆ. ಬಾಗಿಲವರೆಗೂ ಹೋದೆ. ಅವನು ತಡೆಯಲಿಲ್ಲ. ತಡೆದಿದ್ದರೆ ಹೋಗಿಬಿಡುತ್ತಿದ್ದೆನೋ ಏನೋ. ತಿರುಗಿ ಬಂದು ಹಾಡುವ ಕೋಣೆಯ ಬಾಗಿಲು ತೆರೆದೆ.

"ಹೆದರೋದಾದ್ರೆ ಹೆದರು, ಬೇಡ ಅನ್ನಲ್ಲ. ಆದ್ರೆ ಗಾಜಿನ ಆಚೆ ಕೂತು, ನನ್ನ ಬೆನ್ನ ಹಿಂದೆ ಹೆದರ್ಬೇಡ. ಇಲ್ಲಿ ಬಾ. ನನ್ನ ಮುಖ ನೋಡ್ಕೊಂಡು ಹೆದರು."

ಅವನು ಬಂದ. ನಾನು ಸ್ಟೂಲಿನ ಮೇಲೆ ಕೂತೆ, ಅವನು ಎದುರಿಗೆ ಕಂಬಳಿಯ ಗೋಡೆಗೊರಗಿ ನೆಲದ ಮೇಲೆ ಕೂತ. ಮೈಕ್ ಇಲ್ಲ, ಗಿಟಾರ್ ಇಲ್ಲ. ನಾನು ಕೈ ಚಾಚಿದೆ, ಅವನು ಹಿಡಿದುಕೊಂಡ.

ಹಾಡಿದೆ. ಅತ್ತದ್ದಕ್ಕೆ ದನಿ ಮೊದಲಿಗಿಂತ ಇನ್ನೂ ಕೆಳಗಿಳಿದಿತ್ತು. ಯಾರೂ ಕಾಯದ ಮನೆ ಎಂಬಲ್ಲಿಗೆ ಬಂದಾಗ ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಕೈ ಬಿಡಿಸಿಕೊಳ್ಳಲಿಲ್ಲ. ನಾನು ದನಿ ಏರಿಸಲಿಲ್ಲ.