ಪೂಜೆಗೆ ಕೂತ ಹಾರೆ

ಜಾಲರಿ ತಿರುಗಿತ್ತು.

ಅಂಬಿಕ ಬಗ್ಗಿ ನೋಡಿದಳು. ಎದ್ದು ನಿಂತು ಮತ್ತೆ ನೋಡಿದಳು. ಅನುಮಾನವೇ ಇಲ್ಲ. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ, ಉರಿಗಾಂನ ಈ ಹಳೆಯ ರೈಲು ಸೇತುವೆಯ ಕೆಳಗೆ, ಚರಂಡಿ ಜಾಲರಿಯ ಕಬ್ಬಿಣದ ಪಟ್ಟಿಗಳು ದಾರಿಯ ಉದ್ದಕ್ಕೆ ಇದ್ದವು. ದುಡಿಯುವ ಫ್ಯಾಕ್ಟರಿಯ ಆಯುಧಪೂಜೆ ಮುಗಿಸಿ ಬರುತ್ತಿದ್ದ ಅವಳ ಸೈಕಲ್ಲಿನ ಮುಂದಿನ ಚಕ್ರ ಎರಡು ಪಟ್ಟಿಗಳ ನಡುವೆ ಇಳಿದು ಕಚ್ಚಿಕೊಂಡಿತ್ತು. ಹ್ಯಾಂಡಲ್ ಮೇಲಿಂದ ಎಗರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಇವತ್ತು ಅದೇ ಪಟ್ಟಿಗಳು ದಾರಿಗೆ ಅಡ್ಡವಾಗಿ ಮಲಗಿವೆ!

"ನೋಡಿ ಮೇಡಂ, ಇದರೊಳಗೆ ಚಕ್ರ ಹೋಗುತ್ತಾ?" ನಗರಸಭೆಯ ಇಂಜಿನಿಯರ್ ಅನಿಲ್ ಕೇಳಿದರು. "ನಿನ್ನೆ ಹನ್ನೊಂದು ಗಂಟೆಗೆ ನಾನೇ ಫೋಟೋ ತೆಗೆದಿದ್ದೇನೆ. ಆಗಲೂ ಹೀಗೇ ಇತ್ತು. ಈಕೆ ಎಲ್ಲೋ ನೋಡಿಕೊಂಡು ಓಡಿಸಿದ್ದಾಳೆ. ವರದಿಯಲ್ಲಿ ಅದನ್ನೇ ಬರೆದಿದ್ದೇನೆ."

ಆಸ್ಪತ್ರೆಯಿಂದ ಸುದ್ದಿ ಹೋಗಿದ್ದಕ್ಕೆ ಹೇಳಿಕೆ ಪಡೆಯಲು ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಜ್ಯೋತ್ಸ್ನಾ ತಲೆಯಾಡಿಸಿದರು. ಅನಿಲ್ ಜೀಪಿನಲ್ಲಿ ಹೊಸ ಫಲಕವೊಂದು ಒರಗಿತ್ತು: 'ಸೈಕಲ್ ಸವಾರರಿಗೆ ಪ್ರವೇಶವಿಲ್ಲ.'

ಅಂಬಿಕ ಅದನ್ನು ಎರಡು ಸಲ ಓದಿದಳು. ಕ್ಯಾಸಂಬಳ್ಳಿ ಕಡೆಯಿಂದ ಫ್ಯಾಕ್ಟರಿಗೆ ಸೈಕಲ್ಲಿನಲ್ಲಿ ಬರುವ ಹೆಂಗಸರು ಅವಳೂ ಸೇರಿ ಹನ್ನೆರಡು ಮಂದಿ, ಎಲ್ಲರೂ ಕಂಟ್ರಾಕ್ಟಿನವರು. ಈ ದಾರಿ ಮುಚ್ಚಿದರೆ ಲಾರಿಗಳ ರಸ್ತೆಯಲ್ಲಿ ಆರು ಕಿಲೋಮೀಟರ್ ಸುತ್ತಬೇಕು. ಹತ್ತು ನಿಮಿಷ ತಡವಾದರೆ ಗೇಟಿನಿಂದಲೇ ವಾಪಸ್. ಒಂದು ಸುಳ್ಳಿನ ಮೇಲೆ ಹನ್ನೆರಡು ಜನರ ಕೆಲಸ ನಿಂತಿತ್ತು.

"ಮುನೀಂದ್ರ, ಗುಂಡಿ ತೋಡಿಸು. ಫಲಕ ನೆಟ್ಟುಬಿಡೋಣ," ಎಂದರು ಅನಿಲ್.

ಮೇಸ್ತ್ರಿ ಮುನೀಂದ್ರ ತಲೆ ಕೆರೆದುಕೊಂಡ. "ಆರೆ, ಗುದ್ಲಿ ಎಲ್ಲಾ ಪೂಜೆಗೆ ಕೂತವೆ ಸಾರ್. ಮರುಪೂಜೆ ಆಗೋಗಂಟ ಮುಟ್ಟಂಗಿಲ್ಲ. ನಮ್ಮೋರು ಯಾರೂ ಮುಟ್ಟಲ್ಲ."

"ನಿಮ್ಮದೊಂದು ಗೋಳು." ಅನಿಲ್ ಗಡಿಯಾರ ನೋಡಿಕೊಂಡರು.

ಅಂಬಿಕಳನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಬಂದಿದ್ದ ಸೈಕಲ್ ಶಾಪಿನ ಸೆಲ್ವರಾಜ್ ಸೊಟ್ಟಗಾದ ಚಕ್ರವನ್ನು ಎತ್ತಿ ತೋರಿಸಿದ. "ಮೇಡಂ, ಜಾರಿ ಬಿದ್ರೆ ಒಂದೇ ಪಕ್ಕ ಉಜ್ಜತ್ತೆ. ಇಲ್ಲಿ ನೋಡಿ, ರಿಮ್ಮು ಎರಡು ಪಕ್ಕಾನೂ ಒಂದೇ ಎತ್ರಕ್ಕೆ ಕೆರ್ದಿದೆ. ಕಬ್ಬಿಣದ ನಡುವೆ ಸಿಕ್ಕೊಂಡ ಚಕ್ರ ಇದು. ಮೂವತ್ತು ವರ್ಷ ಇದೇ ಕೆಲ್ಸ ಮಾ, ನನಗೆ ತಿಳೀದಾ?"

"ಹಾಗಾದರೆ ಜಾಲರಿ ತಾನಾಗಿ ತಿರುಗಿತಾ?" ಅನಿಲ್ ನಕ್ಕರು. "ಹಾರೆ ಇಲ್ಲದೆ ಇದು ಅಲ್ಲಾಡಲ್ಲ. ನಿನ್ನೆ ಆಯುಧಪೂಜೆ. ಹಾರೆ ಮುಟ್ಟುವವರು ಯಾರಿದ್ದರು? ಈಗ ತಾನೇ ಮೇಸ್ತ್ರಿ ಹೇಳಿದ್ದು ಕೇಳಿಸಲಿಲ್ಲವಾ?"

ಅಂಬಿಕ ಕುಕ್ಕರಗಾಲಲ್ಲಿ ಕೂತಳು. ಜಾಲರಿಯ ಮೂಲೆಯಲ್ಲಿ ಹಾರೆಯ ತುದಿ ಕೊಟ್ಟು ಎತ್ತಲೆಂದು ಒಂದು ಸಂದು. ಎಡಗೈ ಬೆರಳು ತೂರಿಸಿ ಕೆರೆದು ಹೊರಗೆ ತೆಗೆದಳು.

ಉಗುರಿನಲ್ಲಿ ಅರಿಶಿನ. ಜೊತೆಗೆ ಕುಂಕುಮ.

"ಚರಂಡಿಗೆ ಪೂಜೆ ಮಾಡಿದೋರು ಯಾರು ಮೇಡಂ?"

"ಯಾರೋ ಪೂಜೆ ನೀರು ಚೆಲ್ಲಿರಬೇಕು," ಎಂದರು ಅನಿಲ್.

"ಚೆಲ್ಲಿದ್ರೆ ಮೇಲೆಲ್ಲಾ ಆಗ್ಬೇಕಿತ್ತು. ಸಂದಿನೊಳಗೆ ಮಾತ್ರ ಎಂಗಾಯ್ತು? ನಿಮ್ಮ ಸ್ಟೋರು ಇಲ್ಲೇ ಪಕ್ಕದಲ್ಲಿದೆ. ಬಾಗ್ಲು ತೆಗೆಸಿ ನೋಡಾನ."

ಅನಿಲ್ ಬೇಡವೆಂದರು. ಜ್ಯೋತ್ಸ್ನಾ ತೆಗೆಸಿ ಎಂದರು. ಮುನೀಂದ್ರ ಚಪ್ಪಲಿ ಬಿಟ್ಟು ಒಳಗೆ ಹೋದ. ಗೋಡೆಗೆ ಒರಗಿಸಿದ ಮೂರು ಹಾರೆಗಳು, ಸಾಲಾಗಿ ಗುದ್ದಲಿ, ಬಾಣಲಿ, ಮುಂದೆ ಬಾಡಿದ ಚೆಂಡು ಹೂವು. ಎರಡು ಹಾರೆಗಳ ತುದಿಗೆ ಅರಿಶಿನ ಕುಂಕುಮ ದಪ್ಪಗೆ ಒಣಗಿತ್ತು. ಮೂರನೆಯದರ ತುದಿ ಬೋಳು. ಅಂಚಿನಲ್ಲಿ ಚರಂಡಿಯ ಕಪ್ಪು ಕೆಸರು.

ಮುನೀಂದ್ರ ಬಗ್ಗಿ ಆ ತುದಿ ನೋಡಿದ. "ನಿನ್ನೆ ಎಂಟು ಗಂಟೆಗೆ ನನ್ನ ಕೈಯಾರೆ ಮೂರಕ್ಕೂ ಇಟ್ಟಿದ್ದೆ."

"ಬೀಗದ ಕೈ ಯಾರ ಹತ್ತಿರ ಇರುತ್ತೆ?" ಜ್ಯೋತ್ಸ್ನಾ ಕೇಳಿದರು.

"ನನ್ನತ್ರ ಒಂದು. ಸಾರ್ ಅತ್ರ ಒಂದು."

"ಅಂದರೆ ನೀನೇ," ಎಂದರು ಜ್ಯೋತ್ಸ್ನಾ ಮೇಸ್ತ್ರಿಗೆ. " ಹೋದ ವಾರ ಜಾಲರಿ ಎತ್ತಿ ಚರಂಡಿ ಬಳಿದವರು ನಿನ್ನ ಆಳುಗಳು ತಾನೇ? ಜಾಲರಿ ತಿರುವುಮುರುವು ಕೂರಿಸಿದ್ದೀಯ. ಇವಳು ಬಿದ್ದಳು ಅಂತ ಗೊತ್ತಾಗಿ ಬಂದು ಸರಿ ಮಾಡಿದ್ದೀಯ."

"ಅದನ್ನೇ ಹೇಳಬೇಕು ಅಂತಿದ್ದೆ ಮೇಡಂ," ಎಂದರು ಅನಿಲ್, ತಟ್ಟನೆ. "ಇವರಿಗೆ ಎಷ್ಟು ಹೇಳಿದರೂ ಅಷ್ಟೆ."

ಮುನೀಂದ್ರ ನೆಲ ನೋಡುತ್ತ ನಿಂತ. ಅಂಬಿಕಳಿಗೆ ರೇಗಿತು.

"ಇವ್ರಲ್ಲ ಮೇಡಂ."

"ಅದು ಹೇಗೆ ಹೇಳ್ತೀಯ?"

"ಈಗ ನಿಮ್ಮ ಎದುರಿಗೇ ಆಯ್ತಲ್ಲ. ಸಾಯೇಬ್ರು ಗುಂಡಿ ತೋಡು ಅಂದ್ರು. ಇವ್ರು ಮುಟ್ಟಂಗಿಲ್ಲ ಅಂದ್ರು. ಕೆಲ್ಸ ಓದ್ರೂ ಚಿಂತೆಯಿಲ್ಲ, ಪೂಜೆಗೆ ಕೂತ ಆರೆ ಮುಟ್ಟಲ್ಲ ಅನ್ನೋ ಮನ್ಸ. ಚಪ್ಪಲಿ ಬಿಡದೆ ಒಳಕ್ಕೂ ಓಗ್ಲಿಲ್ಲ. ನಾನೂ ಅಂಗೇ. ನಿನ್ನೆ ಫ್ಯಾಕ್ಟ್ರೀಲಿ ಪೂಜೆ ಆದ್ಮೇಲೆ ನಮ್ಮೋರು ಯಾರೂ ಒಂದು ಸ್ಪ್ಯಾನರ್ ಮುಟ್ಟಿಲ್ಲ. ಕೈಯಲ್ಲಿ ದುಡಿಯೋರು ಅವತ್ತು ಆಯುಧ ಮುಟ್ಟಲ್ಲ ಮೇಡಂ. ಮುಟ್ಟೋರು ಯಾರು? ಅದು ಬರೀ ಕಬ್ಬಿಣ ಅಂದ್ಕೊಂಡೋರು. ಕೆಲ್ಸ ಮಾಡ್ಸೋರು." ಅವಳು ಅನಿಲ್ ಕಡೆ ಕೈ ತೋರಿಸಿದಳು. "ಎರಡನೇ ಬೀಗದ ಕೈ ಇವ್ರದ್ದು. ರಜಾ ದಿನ ಎರಡು ಗಂಟೆಯೊಳಗೆ ಬಂದು ಫೋಟೋ ತೆಗೆದೋರು ಇವ್ರು. ಮಾರನೇ ದಿನಕ್ಕೇ ಫಲಕ ತಂದೋರೂ ಇವ್ರೇ."

"ಬಾಯಿಗೆ ಬಂದಂಗೆ ಮಾತಾಡಬೇಡ," ಎಂದರು ಅನಿಲ್. ಆದರೆ ದನಿಯಲ್ಲಿ ಜೋರಿರಲಿಲ್ಲ.

ಆಗ ಮುನೀಂದ್ರ ತಲೆಯೆತ್ತಿದ. "ಓದ ವಾರ ನಾನು ಏಳ್ದೆ ಸಾರ್, ಜಾಲ್ರಿ ಪಟ್ಟಿ ಉದ್ದಕ್ಕೆ ಕೂತದೆ, ತಿರುಗಿಸ್ತೀನಿ, ಸೈಕಲ್ ಚಕ್ರ ಸಿಕ್ಕೊತದೆ ಅಂತ. ಲಾರಿ ಕಾಯ್ತಿದೆ, ಬಿಡು, ಈಗ ಸೈಕಲ್ ಯಾರು ಓಡಿಸ್ತಾರೆ ಅಂದ್ರಿ. ನನ್ನ ಆರೇನ ಮೈಲಿಗೆ ಮಾಡಿ ತಂದಿಟ್ರಿ. ಈಗ ನನ್ ಮೇಲೇ ಆಕ್ತೀರಾ?"

ಅನಿಲ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಅಂಬಿಕಳ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮ, ಫಲಕ ವಾಪಸ್ ತಗೊಂಡು ಹೋಗ್ತೀನಿ. ವರದಿ ಹರಿದು ಹಾಕ್ತೀನಿ. ಇಲ್ಲಿಗೇ ಮುಗಿಸಿಬಿಡೋಣ."

ಜ್ಯೋತ್ಸ್ನಾ ಪೆನ್ನು ಹಿಡಿದು ಕಾದರು. "ರಾಜಿ ಆಗ್ತೀಯೇನಮ್ಮ?"

"ಕೈ ಮುರಿದಿದ್ದಕ್ಕೆ ಆಗಿದ್ರೆ ಆಗ್ತಿದ್ದೆ. ನಂದೇ ತಪ್ಪು ಅಂತ ಬರೆದಿದ್ದಕ್ಕೆ ಆಗಲ್ಲ. ಆ ವರದೀನ ಅರ್ದು ಆಕಂಗಿಲ್ಲ. ಕೆಳಗೆ ನಿಜ ಬರ್ದು ಇವ್ರ ಸಹಿ ಆಕ್ಸಿ."

ಜ್ಯೋತ್ಸ್ನಾ ಬರೆಯತೊಡಗಿದರು. ಅಂಬಿಕ ಸೆಲ್ವರಾಜನತ್ತ ತಿರುಗಿದಳು.

"ಚಕ್ರ ಯಾವಾಗ ಕೊಡ್ತೀಯಣ್ಣ?"

"ಕೈ ವಾಸಿಯಾಗ್ಲಿ ಮಾ. ಒಂದೂವರೆ ತಿಂಗ್ಳು ಓಡ್ಸಕ್ಕಾಗಲ್ವೇ."

"ಸೋಮವಾರ ಕೊಡು. ಒಂದು ಕೈಯಲ್ಲಿ ತಳ್ಕೊಂಡಾದ್ರೂ ಈ ದಾರೀಲೇ ಓಗ್ತೀನಿ. ಸೈಕಲ್ ಯಾರು ಓಡಿಸ್ತಾರೆ ಅಂದೋರು ನೋಡ್ಲಿ."