ಕಳೆ ಹಾಡಿನ ಎರಡನೇ ದನಿ

ನಾನು ಬಳ್ಳಾರಿಯಲ್ಲಿ ಕನ್ನಡ ಕಲಿಸುತ್ತೇನೆ. ಹೊಲದ ಹಾಡುಗಳ ಮೇಲೆ ಸಂಶೋಧನೆ ನಡೆಸಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಸಿರಿಗೇರಿಯ ಸಾವಂತ್ರಮ್ಮನ ಮನೆಯಲ್ಲಿ ಕುಳಿತು, ಆಕೆ ಹಾಡಿದ ಕಳೆ ಕೀಳುವ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹೊರಗೆ ಸುಡು ಮಧ್ಯಾಹ್ನ. ಆದರೂ ಹಾಡು ಮುಗಿಯುವಷ್ಟರಲ್ಲಿ ನನ್ನ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು.

ಹಾಡಿನ ಒಂದು ಪದ ತಿಳಿಯಲಿಲ್ಲ. ತೆಲುಗು ಇರಬಹುದೆಂದು ಸಿರುಗುಪ್ಪದ ಸಹೋದ್ಯೋಗಿ ಉಚ್ಚಂಗೆಪ್ಪನವರಿಗೆ ಕಳಿಸಿ ಕೇಳಿದೆ. ಅವರು ಕೂಡಲೇ ಫೋನ್ ಮಾಡಿದರು.

“ಸುಮೇಧಾ ಮೇಡಂ, ನಿಮಗ ತೆಲುಗು ಬರೂದಿಲ್ಲ ಅಂದಿದ್ರಲ್ರೀ?”

“ಒಂದಕ್ಷರಾನೂ ಬರಲ್ಲ ಸರ್.”

“ಮತ್ತ ಹಾಡಿನ ನಡುವ ಆಯಮ್ಮಗ ತೆಲುಗಿನ್ಯಾಗ ಉತ್ತರ ಕೊಡಾಕತ್ತೀರಲ್ಲ! ದನಿ ನಿಮ್ದ ಐತಿ.”

ಇಯರ್‌ಫೋನ್ ಹಾಕಿ ಕೇಳಿದೆ. ನನ್ನದೇ ದನಿ, ನನ್ನದೇ ಕೆಮ್ಮು. ಅವರಿಗೆ ಮತ್ತೆ ಫೋನ್ ಮಾಡಿದೆ. ಅದರ ಅರ್ಥವೇನೆಂದು ಕೇಳಿದೆ.

“‘ಒಳಗ ಬಂದೀನಿ, ಬಾಗ್ಲಾ ಹಾಕು’ ಅಂತೀರಿ,” ಎಂದವರು ಫೋನ್ ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದು ಸಿರಿಗೇರಿಗೆ ಹೋದೆ. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಸಾವಂತ್ರಮ್ಮ ನನ್ನನ್ನು ಕಂಡವಳೇ ಮೊರ ಬಿಟ್ಟು ಎದ್ದು, ಬಾಗಿಲಿಗೆ ಅಡ್ಡ ನಿಂತಳು.

“ಈ ಸಲಾನೂ ಆಕೀನ್ನ ಕರಕೊಂಡು ಬಂದೀರೇನವ್ವಾ? ನೀವಷ್ಟ ಒಳಗ ಬರ್ರಿ.”

ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಎರಡು ಸಲವೂ ನಾನು ಒಬ್ಬಳೇ ಹೋಗಿದ್ದೆ.